ವೈದ್ಯರಲ್ಲದವರ ಮಿಡಿತ

ನಮ್ಮ ಊರಿನ ಮನೆಗಳಲ್ಲಿ ಪಡಸಾಲೆಯ ಫ್ಯಾನು ಇರುವುದು ಸೆಖೆಗಲ್ಲ, ಮರ್ಯಾದೆಗೆ. ಯಾರಾದರೂ ಬಾಗಿಲು ತಟ್ಟಿದರೆ ಮೊದಲು ಫ್ಯಾನು ಹಾಕಿ ಆಮೇಲೆ ಚಿಲಕ ತೆಗೆಯುತ್ತೇವೆ. ಪುಷ್ಯ ಮಾಸದ ಚಳಿಯಲ್ಲಿ ಬಂದ ನೆಂಟರು ಶಾಲು ಹೊದ್ದು, ಫ್ಯಾನಿನ ಕೆಳಗೆ ನಡುಗುತ್ತ ಕುಳಿತು, ಆರಿಹೋಗುವ ಮುಂಚೆ ಕಾಫಿ ಕುಡಿದು ಮುಗಿಸುತ್ತಾರೆ. ಫ್ಯಾನು ಹಳೆಯದಾಗಿ ಗರಗರ ಎನ್ನುತ್ತಿದ್ದಷ್ಟೂ ಮನೆಯವರು ಸುಸಂಸ್ಕೃತರು. ಸದ್ದು ಮಾಡದ ಫ್ಯಾನು ಕೊಳ್ಳುವವರು ಹೊಸದಾಗಿ ವರ್ಗವಾಗಿ ಬಂದ ನೌಕರರು ಮಾತ್ರ. ಅವರೂ ತಿಂಗಳೊಳಗೆ ಅದನ್ನು ಬದಲಾಯಿಸಿಕೊಳ್ಳುತ್ತಾರೆ.

ಏಕೆಂದರೆ ಇಲ್ಲಿ ಒಬ್ಬರ ಎದೆಯ ಮಿಡಿತ ಇನ್ನೊಬ್ಬರಿಗೆ ಕೇಳಿಸುತ್ತದೆ. ಗಾಳಿ ಇಲ್ಲದ ಹೊತ್ತಿನಲ್ಲಿ ಹನ್ನೆರಡು ಅಡಿಯವರೆಗೆ ಸ್ಪಷ್ಟವಾಗಿ, ಹದಿನೆಂಟು ಅಡಿಯವರೆಗೆ ಅಂದಾಜಾಗಿ. ಇದು ನಾನೇ ಅಳೆದದ್ದು. ಇಲ್ಲಿನ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿದ್ದೇನೆ, ಟೇಪು ಹಿಡಿಯುವ ಅಭ್ಯಾಸ ಬಿಟ್ಟಿಲ್ಲ. ತನ್ನ ಗೊರಕೆ ಹೇಗೋ ಹಾಗೆ, ತನ್ನ ಮಿಡಿತ ಮಾತ್ರ ತನಗೆ ಕೇಳದು. ಒಬ್ಬೊಬ್ಬರದು ಒಂದೊಂದು ಸದ್ದು. ನಮ್ಮ ಪಕ್ಕದ ಮನೆಯ ತಾಯಮ್ಮನದು ಒದ್ದೆ ಬಟ್ಟೆ ಕೊಡವಿದ ಹಾಗೆ. ನನ್ನ ಗಂಡ ಧರಣೇಂದ್ರ ಅವರದು ಗಟ್ಟಿ ಮರದ ಬಾಗಿಲನ್ನು ಬೆರಳ ಗೆಣ್ಣಿನಿಂದ ತಟ್ಟಿದ ಹಾಗೆ. ನನ್ನದು ಹೇಗೆಂದು ನನಗೆ ಗೊತ್ತಿಲ್ಲ. ಕೇಳುವಂತೆಯೂ ಇಲ್ಲ, ಏಕೆಂದರೆ ಇನ್ನೊಬ್ಬರ ಮಿಡಿತದ ವಿಷಯ ಎತ್ತುವುದು ಈ ಊರಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಸಭ್ಯತೆ. ‘ಅತ್ತೆ, ನಿಮ್ದು ಯಾಕೆ ಓಡ್ತಿದೆ?’ ಎಂದ ಮಗುವಿಗೆ ತೊಡೆ ಚಿವುಟಿ ಬುದ್ಧಿ ಕಲಿಸುತ್ತಾರೆ. ಹೆಣ್ಣು ನೋಡುವ ಶಾಸ್ತ್ರಕ್ಕೆ ಎರಡೆರಡು ಫ್ಯಾನು ಬಾಡಿಗೆಗೆ ತರುತ್ತಾರೆ. ಕೇಳಿದರೂ ಕೇಳದಂತಿರುವುದನ್ನು ನಾವು ಮಾತು ಕಲಿಯುವ ಮೊದಲೇ ಕಲಿತಿರುತ್ತೇವೆ.

ಇಂಥ ಊರಿಗೆ ಮೂರು ವರ್ಷದ ಹಿಂದೆ ಗುರುಶಾಂತ ಎಂಬವರು ಬಂದರು. ಮೂವತ್ತನಾಲ್ಕರ ವಯಸ್ಸು, ಬೇರೆ ಸೀಮೆಯ ಮಾತು, ಅಂಗೈಯಲ್ಲಿ ಸದಾ ಎಳ್ಳೆಣ್ಣೆಯ ವಾಸನೆ. ಆಯುರ್ವೇದದ ದಿನಚರಿ ಮತ್ತು ಅಭ್ಯಂಗದಲ್ಲಿ ಒಂದು ವರ್ಷದ ತರಬೇತಿ ಪಡೆದಿದ್ದರು. ಹಿಟ್ಟಿನ ಗಿರಣಿಯ ಪಕ್ಕದ ಮಳಿಗೆ ಹಿಡಿದರು. ಬಾಡಿಗೆ ಕಡಿಮೆ ಎಂದು ಹಿಡಿದದ್ದು. ಊರವರು ಮಾತ್ರ, ಬಂದವರ ಮಿಡಿತ ಗಿರಣಿಯ ಸದ್ದಿನಲ್ಲಿ ಮುಚ್ಚಿಹೋಗಲಿ ಎಂದು ಯೋಚಿಸಿದ್ದಾರೆ, ಎಂಥ ಸೂಕ್ಷ್ಮ ಮನುಷ್ಯ ಎಂದುಕೊಂಡರು. ಬಾಗಿಲ ಮೇಲೆ ಅವರು ಹಾಕಿದ ಬೋರ್ಡಿನಲ್ಲಿ ಹೀಗಿತ್ತು: ‘ದಿನಚರಿ ಮತ್ತು ಊಟದ ಸಲಹೆ. ಎಣ್ಣೆ ಅಭ್ಯಂಗ. ರೋಗ ಪತ್ತೆ ಮಾಡುವುದಿಲ್ಲ. ರೋಗಕ್ಕೆ ಔಷಧ ಕೊಡುವುದಿಲ್ಲ. ನಾನು ವೈದ್ಯನಲ್ಲ.’ ಕೊನೆಯ ಸಾಲು ಉಳಿದವಕ್ಕಿಂತ ದೊಡ್ಡ ಅಕ್ಷರದಲ್ಲಿತ್ತು.

ಮೊದಲ ವಾರ ಯಾರೂ ಹೋಗಲಿಲ್ಲ. ಎರಡನೆಯ ವಾರ ನಿವೃತ್ತ ಶಿರಸ್ತೇದಾರರೊಬ್ಬರು ಬೋರ್ಡನ್ನು ಎರಡು ಸಲ ಓದಿ, ‘ಏನೂ ತಿಳೀದವನು ಎಲ್ಲಾ ತಿಳಿದಿದೆ ಅಂತ ಬರೆಸ್ತಾನೆ. ಇಷ್ಟು ದಪ್ಪಕ್ಷರದಲ್ಲಿ ವೈದ್ಯ ಅಲ್ಲ ಅಂತ ಬರೆಸ್ಬೇಕಾದ್ರೆ ಇವರಿಗೆ ಎಷ್ಟು ಗೊತ್ತಿರಬೇಡ’ ಎಂದರು. ಮರುದಿನದಿಂದ ಗಿರಣಿಯ ಸಾಲಿಗಿಂತ ಗುರುಶಾಂತರ ಬಾಗಿಲಿನ ಸಾಲು ಉದ್ದವಾಯಿತು. ಅವರು ಒಬ್ಬೊಬ್ಬರಿಗೂ ‘ನಾ ಡಾಕ್ಟರ್ ಅಲ್ರಿ’ ಎಂದು ಹೇಳುತ್ತಿದ್ದರು. ಜನ ಕೈಮುಗಿದು ‘ಗೊತ್ತು ಬಿಡಿ ಡಾಕ್ಟ್ರೇ’ ಎನ್ನುತ್ತಿದ್ದರು. ಅಲ್ಲ ಅಂದಷ್ಟೂ ಅವರು ಎತ್ತರವಾದರು. ಜೊತೆಗೆ ಅವರ ಮಿಡಿತ ಬೇರೆ. ಕಲ್ಲಿನ ತೊಟ್ಟಿಗೆ ಹನಿ ಬಿದ್ದ ಹಾಗೆ, ನಿಮಿಷಕ್ಕೆ ಅರವತ್ತನಾಲ್ಕು, ಹೆಚ್ಚಿಲ್ಲ ಕಡಿಮೆಯಿಲ್ಲ. ಅವರು ಬೀದಿಯಲ್ಲಿ ಹೋದರೆ ಜಗಲಿಯ ಮೇಲೆ ಕುಳಿತವರು ಮಾತು ನಿಲ್ಲಿಸುತ್ತಿದ್ದರು. ಕೇಳಿಸಿಕೊಳ್ಳುತ್ತಿದ್ದೇವೆಂದು ಯಾರೂ ಒಪ್ಪುತ್ತಿರಲಿಲ್ಲ.

ನನಗೆ ಅವರ ವಿದ್ಯೆಯಲ್ಲಿ ಅಂಥ ನಂಬಿಕೆ ಇರಲಿಲ್ಲ. ಒಮ್ಮೆ ಕೆಣಕಲೆಂದೇ ಕೇಳಿದೆ: ‘ಬಿಸಿ ಎಣ್ಣೆ ಹಚ್ಚಿ ಉಜ್ಜಿದರೆ ನೋವು ಕಡಿಮೆಯಾಗೋದು ಬಿಸಿಯಿಂದಲೋ, ಉಜ್ಜೋದರಿಂದಲೋ, ಎಣ್ಣೆಯಿಂದಲೋ?’ ಅವರು ‘ಗೊತ್ತಿಲ್ರಿ ಮೇಡಂ. ಮೂರೂ ಕೂಡಿಸೇ ಮಾಡ್ತೀನಿ’ ಎಂದರು. ಮೂವತ್ತೊಂದು ವರ್ಷದಲ್ಲಿ ಸಹೋದ್ಯೋಗಿಗಳ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತನ್ನು ನಾನು ನಾಲ್ಕು ಸಲ ಕೇಳಿದ್ದೆ. ಇದು ಐದನೆಯದು. ಅಂದಿನಿಂದ ಕೆಣಕುವುದನ್ನು ಬಿಟ್ಟೆ.

ನನ್ನ ಗಂಡ ಮಾತ್ರ ಅವರಿಗೆ ಪೂರ್ತಿ ಒಲಿದುಬಿಟ್ಟಿದ್ದರು. ಅವರು ನೀರು ಸರಬರಾಜಿನ ಎಂಜಿನಿಯರಾಗಿ ನಿವೃತ್ತರಾದವರು. ಯಾವುದೋ ಬೀದಿಯ ಕೊಳಾಯಿ ಸೋರುತ್ತಿದೆ ಎಂಬ ದೂರನ್ನು ಬಿಟ್ಟು ಬೇರೆ ಯಾರ ಯಾವ ಮಾತನ್ನೂ ಸುಲಭಕ್ಕೆ ನಂಬಿದವರಲ್ಲ. ವರ್ಷಗಳ ಮಂಡಿನೋವು ಗುರುಶಾಂತರ ಎಣ್ಣೆಗೆ ಇಳಿದದ್ದು ನಿಜ. ಅದಾದ ಮೇಲೆ ಒಂದು ದಿನ ಮುಖ ಅರಳಿಸಿಕೊಂಡು ಮನೆಗೆ ಬಂದರು. ‘ಸುನಂದಾ, ಗುರುಶಾಂತ ಎಂಥ ಮಾತು ಹೇಳಿದ್ರು ಗೊತ್ತಾ? ಹೊತ್ತು ಮುಳುಗೋದರೊಳಗೆ ಊಟ ಮುಗಿಸ್ಬೇಕಂತೆ.’

‘ರೀ, ನಾವು ಜೈನರು. ನಿಮ್ಮಮ್ಮ ಅರವತ್ತು ವರ್ಷ ಅದನ್ನೇ ಹೇಳಿದ್ರಲ್ಲ.’

‘ಅಮ್ಮ ಬೈದು ಹೇಳ್ತಿದ್ಲು. ಇವರು ವಿವರಿಸಿ ಹೇಳ್ತಾರೆ.’

ನೌಕರಿಯ ಉದ್ದಕ್ಕೂ ರಾತ್ರಿ ಒಂಬತ್ತಕ್ಕೆ ತಟ್ಟೆಯ ಮುಂದೆ ಕೂರುತ್ತಿದ್ದವರು ಅಂದಿನಿಂದ ಆರೂವರೆಗೆ ಕೈತೊಳೆಯತೊಡಗಿದರು. ಮೇಲೆ ಅತ್ತೆಯ ಆತ್ಮ ಏನೆಂದುಕೊಂಡಿತೋ.

ಫಾಲ್ಗುಣದ ಒಂದು ಬೆಳಿಗ್ಗೆ ಅವರು ಪೇಪರು ಓದುತ್ತಿದ್ದರು, ನಾನು ಎದುರಿಗೆ ಅವರೆಕಾಯಿ ಬಿಡಿಸುತ್ತಿದ್ದೆ. ಬಾಗಿಲು ತಟ್ಟುವ ಆ ಸದ್ದಿನ ಪಕ್ಕದಲ್ಲಿ ನಾನು ಮೂವತ್ತಮೂರು ವರ್ಷ ಮಲಗಿದ್ದೇನೆ, ಅದು ನನಗೆ ಗೋಡೆಯ ಬಣ್ಣದ ಹಾಗೆ. ಅಂದು ಒಂದು ಏಟು ಬೀಳಲಿಲ್ಲ. ಒಂದು ಖಾಲಿ, ಆಮೇಲೆ ಅದನ್ನು ತುಂಬಿಕೊಡಲೆಂಬಂತೆ ಒಂದು ಭಾರದ ಏಟು. ಕಾಯಿ ಕೈಯಲ್ಲೇ ಉಳಿಯಿತು. ಅಡುಗೆಮನೆಗೆ ಹೋಗಿ ಕ್ಯಾಲೆಂಡರಿನ ಹಿಂದೆ ಗುರುತು ಹಾಕಿದೆ. ಆಗ ನಲವತ್ತು ಏಟಿಗೊಂದು ತಪ್ಪುತ್ತಿತ್ತು. ಚೈತ್ರದಲ್ಲಿ ಇಪ್ಪತ್ತಕ್ಕೊಂದು. ಜ್ಯೇಷ್ಠಕ್ಕೆ ಬಂದಾಗ ಏಳಕ್ಕೊಂದು, ನಿಮಿಷಕ್ಕೆ ಒಟ್ಟು ನಲವತ್ತೆರಡು. ಅವರು ಎರಡು ಮೆಟ್ಟಿಲು ಹತ್ತಿ ಗೋಡೆ ಹಿಡಿಯುತ್ತಿದ್ದರು. ಒಮ್ಮೆ ಬಚ್ಚಲಲ್ಲಿ ‘ಸುಮ್ನೆ ಕೂತ್ಕೊಂಡೆ’ ಎಂದು ನೆಲದ ಮೇಲೆ ಕುಳಿತಿದ್ದರು.

ಊರಿಗೆಲ್ಲ ಕೇಳಿಸುತ್ತಿತ್ತು. ಕ್ಷೌರದಂಗಡಿಯಲ್ಲಿ ಅವರು ಕುಳಿತರೆ ರೇಡಿಯೊ ಜೋರಾಗುತ್ತಿತ್ತು. ಬಸದಿಯಲ್ಲಿ ಅವರ ಪಕ್ಕದವರು ಮಂತ್ರವನ್ನು ಸ್ವಲ್ಪ ಎತ್ತರದ ದನಿಯಲ್ಲಿ ಹೇಳುತ್ತಿದ್ದರು. ಕರಿಬೇವು ಕೇಳಲು ಬಂದ ತಾಯಮ್ಮ ಹೊಸ್ತಿಲಲ್ಲಿ ನಿಂತು, ಕಿವಿಗೆ ಬಿದ್ದದ್ದಕ್ಕೆ ತಲೆ ತಗ್ಗಿಸಿ, ‘ಫ್ಯಾನ್ ಹಾಕ್ಲಾ ಅಕ್ಕ?’ ಎಂದು ಮೆಲ್ಲಗೆ ಕೇಳಿದಳು. ನಾನು ‘ಹಾಕು’ ಎಂದೆ. ಊರಿಗೆ ಊರೇ ಸೇರಿ ಅವರ ಕಾಯಿಲೆಗೆ ಮರ್ಯಾದೆ ಕೊಡುತ್ತಿತ್ತು, ನಾನೂ ಸೇರಿ. ಮೂರು ತಿಂಗಳು ಬಾಯಿ ಬಿಡಲಿಲ್ಲ. ಲೆಕ್ಕ ಇಡುವುದನ್ನೇ ಏನೋ ಮಾಡಿದಂತೆ ಅಂದುಕೊಂಡಿದ್ದೆ.

ಮಂಗಳವಾರಗಳಂದು ಸರ್ಕಾರಿ ಆಸ್ಪತ್ರೆಗೆ ಹೊರಗಿನಿಂದ ಒಬ್ಬ ಡಾಕ್ಟರು ಬರುತ್ತಾರೆ. ಕ್ಯಾಲೆಂಡರಿನ ಹಾಳೆಯನ್ನು ಅವರಿಗೆ ತೋರಿಸಿದೆ. ಅವರು ಅದನ್ನು ಎರಡು ಸಲ ನೋಡಿ, ‘ಜಿಲ್ಲಾ ಕೇಂದ್ರದ ಹೃದಯದ ಆಸ್ಪತ್ರೆಗೆ ಕರ್ಕೊಂಡು ಹೋಗಿಮ್ಮ. ಹೀಗೇ ಇಳೀತಾ ಹೋದ್ರೆ ಒಂದು ದಿನ ನಿಂತೇ ಹೋಗಬಹುದು. ಪೇಸ್‌ಮೇಕರ್ ಹಾಕಿದ್ರೆ ಆರಾಮಾಗಿರ್ತಾರೆ. ತಡ ಮಾಡ್ಬೇಡಿ’ ಎಂದರು.

ಆ ಸಂಜೆ ಫ್ಯಾನು ಆರಿಸಿ, ಗಂಡನ ಎದುರು ಕುಳಿತು ಹೇಳಿದೆ. ‘ರೀ, ನಿಮ್ಮ ಮಿಡಿತ ತಪ್ಪುತ್ತಿದೆ.’

ಅವರ ಮುಖ ನಾನು ಅವರ ಪೆಟ್ಟಿಗೆ ತೆರೆದು ಹಳೆಯ ಕಾಗದ ಓದಿದೆನೇನೋ ಎಂಬಂತಾಯಿತು. ‘ನೀನು ಕೇಳಿಸ್ಕೊಳ್ತಾ ಇದ್ದೀಯಾ?’

‘ಪಕ್ಕದಲ್ಲಿ ಮಲಗಿದ್ರೆ ಕೇಳಿಸಲ್ವಾ?’

‘ಕೇಳಿಸೋದು ಬೇರೆ, ಕೇಳಿಸ್ಕೊಳ್ಳೋದು ಬೇರೆ. ಎಣಿಸ್ದೆ ಕೂಡ ಅಂತೀಯಾ?’

‘ನಲವತ್ತೆರಡು.’

ಅವರು ಎದ್ದುಹೋಗಿ ಇನ್ನೊಂದು ಕೋಣೆಯಲ್ಲಿ ಹಾಸಿಗೆ ಹಾಸಿಕೊಂಡರು, ಟೇಬಲ್ ಫ್ಯಾನನ್ನು ತಲೆಯ ಬಳಿಯೇ ಇಟ್ಟುಕೊಂಡರು. ಮರುದಿನ ಬೆಳಿಗ್ಗೆ ಕಾಫಿ ಲೋಟ ಕೆಳಗಿಡುತ್ತ ‘ನನ್ನನ್ನ ಗುರುಶಾಂತ ನೋಡ್ಕೊಳ್ತಿದ್ದಾರೆ’ ಎಂದು ಆ ವಿಷಯ ಮುಗಿಸಿದರು.

ನಾನು ಗುರುಶಾಂತರ ಬಳಿಗೆ ಹೋದೆ, ಗಿರಣಿ ನಿಲ್ಲುವ ಮಧ್ಯಾಹ್ನದ ಹೊತ್ತು. ಅವರು ಹಿತ್ತಾಳೆ ಬಟ್ಟಲುಗಳನ್ನು ಸೀಗೆಪುಡಿಯಿಂದ ತಿಕ್ಕುತ್ತಿದ್ದರು. ನಾನು ಸ್ವಲ್ಪ ಬಿರುಸಾಗಿಯೇ ಕೇಳಿದೆ: ‘ನಮ್ಮ ಯಜಮಾನರ ಮಿಡಿತ ನಿಮಗೆ ಕೇಳಿಸ್ತಿಲ್ವಾ?’

‘ಕೇಳ್ತದ್ರಿ ಮೇಡಂ.’

‘ಮತ್ತೆ?’

‘ಅದು ಏನಂತ ಹೆಸರಿಡೋ ಕೆಲಸ ನಂದಲ್ರಿ. ಅದು ನನ್ನ ಎಣ್ಣಿಗೆ ಹೋಗೂದಲ್ಲ ಅನ್ನೋದಷ್ಟ ನನಗ ಗೊತ್ತು. ಅಷ್ಟನ್ನ ಸರ್‌ಗೆ ಮೂರು ಸಲ ಹೇಳೀನಿ. ಹೃದಯದ ಡಾಕ್ಟರ ಕಡೆ ಹೋಗ್ರಿ ಅಂದೆ. ಅವರು ನನ್ನ ಬೆನ್ನು ತಟ್ಟಿ ನಕ್ಕರು.’

‘ಯಾಕೆ?’

ಗುರುಶಾಂತ ಬಟ್ಟಲನ್ನು ಕವುಚಿ ಹಾಕಿದರು. ‘ಇಷ್ಟು ದೊಡ್ಡಸ್ತಿಕೆ ಇದ್ರೂ ಎಷ್ಟು ವಿನಯ ಅಂತ. ಹೊರಗ ಹೋಗಿ ಚಹಾದಂಗಡಿಯಾಗ ಅದನ್ನೇ ಹೇಳಿದ್ರಂತ್ರಿ. ಮರುದಿನ ನನ್ನ ಬಾಗಿಲಿಗೆ ಇನ್ನೂ ಹತ್ತು ಮಂದಿ ಬಂದ್ರು.’

ನಗು ಬಂದರೂ ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ‘ಹಾಗಾದ್ರೆ ನೀವು ಅವರಿಗೆ ಎಣ್ಣೆ ಹಚ್ಚೋದು ನಿಲ್ಲಿಸಿ. ಮುಟ್ಟಲ್ಲ ಅಂದುಬಿಡಿ.’

‘ಅದೂ ಮಾಡ್ತೀನ್ರಿ. ಆದ್ರ ನಿಮ್ಮ ಊರಾಗ ನಾ ಏನು ಅಂದ್ರೂ ಅದು ತಿರುಗಿ ನನ್ನ ಹೊಗಳಿಕಿ ಆಗೇ ಬರ್ತದ.’

ಹಾಗೆಯೇ ಆಯಿತು. ಮುಂದಿನ ಸಲ ನನ್ನ ಗಂಡ ಹೋದಾಗ ಗುರುಶಾಂತ ಕೈಮುಗಿದು, ಆಸ್ಪತ್ರೆಯ ಚೀಟಿ ತರುವವರೆಗೆ ಮುಟ್ಟುವುದಿಲ್ಲ ಎಂದರು. ಇವರು ಖುಷಿಯಿಂದಲೇ ಮರಳಿದರು. ‘ಎಣ್ಣೆಗೂ ಉಪವಾಸ ಅಂತ ಇರುತ್ತಂತೆ ಸುನಂದಾ. ಹೊಟ್ಟೆಗೆ ಹೇಗೋ ಚರ್ಮಕ್ಕೂ ಹಾಗೇ. ನಮ್ಮಲ್ಲಿ ಎಂಟು ದಿನದ್ದು ಮಾಡ್ತೀವಲ್ಲ, ಆ ಥರ.’

‘ಅವರು ಹಾಗಂದ್ರಾ?’

‘ಅನ್ನಲಿಲ್ಲ. ಬಾಯಿಬಿಟ್ಟು ಅನ್ನೋ ಮನುಷ್ಯರಾ ಅವರು? ನಾವೇ ತಿಳ್ಕೋಬೇಕು.’

ಎಂಟು ದಿನ ಅವರು ಆ ಇಲ್ಲದ ಉಪವಾಸವನ್ನು ಶ್ರದ್ಧೆಯಿಂದ ಆಚರಿಸಿದರು. ಗೋಡೆಯ ಆಚೆಗಿಟ್ಟ ಟೇಬಲ್ ಫ್ಯಾನಿನ ಸದ್ದಿನ ಅಡಿಯಲ್ಲಿ ನಾನು ಎಣಿಸುತ್ತ ಕೂರುತ್ತಿದ್ದೆ. ಮೂವತ್ತೊಂಬತ್ತು. ಮೂವತ್ತೆಂಟು. ಅತ್ತೆ ಬದುಕಿದ್ದರೆ ಕಿವಿ ಹಿಡಿದು ಎಳೆದೊಯ್ಯುತ್ತಿದ್ದರು ಎಂದು ಅನ್ನಿಸುತ್ತಿತ್ತು. ನನಗೆ ಎಳೆಯುವ ಕೈಯಿಲ್ಲ, ಲೆಕ್ಕ ಮಾಡುವ ಕೈ ಮಾತ್ರ.

ಒಂಬತ್ತನೆಯ ದಿನ, ಗುರುವಾರ ಬೆಳಿಗ್ಗೆ, ‘ಇವತ್ತು ಪಾರಣೆ’ ಎಂದು ಅವರು ಟವೆಲು ಹೆಗಲಿಗೆ ಹಾಕಿಕೊಂಡು ಹೊರಟರು. ಮೆಟ್ಟಿಲು ಇಳಿಯುವಾಗ ಕಾಲು ತಡವರಿಸಿದ್ದನ್ನು ಕಂಡು ನಾನೂ ಚೀಲ ಹಿಡಿದು ಹಿಂದೆಯೇ ಹೋದೆ. ಅಂದು ಕರೆಂಟು ಹೋಗಿ ಗಿರಣಿ ನಿಂತಿತ್ತು. ಮಳಿಗೆಯೊಳಗೆ ಗುರುಶಾಂತ ಒಬ್ಬರೇ ಇದ್ದರು. ನಾವು ಒಳಗೆ ಹೋದೊಡನೆ ಮೂರು ಮಿಡಿತಗಳಲ್ಲಿ ಎರಡು ನನಗೆ ಬಿಡಿಬಿಡಿಯಾಗಿ ಕೇಳಿದವು: ತೊಟ್ಟಿಗೆ ಬೀಳುವ ಹನಿ, ಬಾಗಿಲು ತಟ್ಟುವ ಗೆಣ್ಣು.

‘ಸರ್, ಚೀಟಿ ತಂದೀರೇನ್ರಿ?’ ಎಂದರು ಗುರುಶಾಂತ.

‘ಚೀಟಿ ಎಲ್ಲಾ ಯಾಕೆ ಗುರುಶಾಂತ, ನೀವು ಹೇಳಿದಷ್ಟು ದಿನ...’ ಎನ್ನುತ್ತ ನನ್ನ ಗಂಡ ಅಂಗಿಯ ಗುಂಡಿಗೆ ಕೈಹಾಕಿದರು. ಗೆಣ್ಣಿನ ಸದ್ದು ನಿಂತಿತು. ನಾನು ಅಭ್ಯಾಸಬಲದಿಂದ ಸೆಕೆಂಡು ಎಣಿಸಿದೆ. ಒಂದು. ಎರಡು. ಮೂರು. ಅವರ ಮೊಣಕಾಲು ಕುಸಿಯಿತು. ಗುರುಶಾಂತ ತೋಳು ಕೊಟ್ಟು ತಡೆದು ಮೆಲ್ಲಗೆ ಚಾಪೆಯ ಮೇಲೆ ಮಲಗಿಸಿದರು. ನಾಲ್ಕು. ಐದು. ಆರು. ಮಳಿಗೆಯಲ್ಲಿ ಹಿಟ್ಟಿನ ಧೂಳು ಬಿಸಿಲಲ್ಲಿ ನಿಂತಿತ್ತು. ಏಳಕ್ಕೆ ಒಂದು ಭಾರದ ಏಟು ಬಿತ್ತು, ಸ್ವಲ್ಪ ತಡೆದು ಇನ್ನೊಂದು, ಮತ್ತೊಂದು.

ಅವರು ಕಣ್ಣು ತೆರೆದು ಸುತ್ತ ನೋಡಿದರು. ‘ಯಾಕೆ ನನ್ನ ಮಲಗಿಸಿದ್ದೀರಿ?’

‘ಸರ್, ಈಗಿಂದೀಗ ಆಸ್ಪತ್ರೆಗೆ ಹೋಗಬೇಕ್ರಿ’ ಎಂದರು ಗುರುಶಾಂತ. ದನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ. ಬಿಸಿನೀರು ಕುಡಿಯಿರಿ ಎಂದು ಹೇಳುವಾಗ ಹೇಗೋ ಹಾಗೆಯೇ ಇತ್ತು. ‘ಇದು ನನ್ನ ಕೈಯಾಗಿಂದಲ್ಲ.’

ನನ್ನ ಗಂಡ ಮಲಗಿದ್ದಲ್ಲಿಂದಲೇ ಕೈಯೆತ್ತಿ ಅವರ ತೋಳು ತಟ್ಟಿದರು. ‘ನೋಡ್ದ್ಯಾ ಸುನಂದಾ, ಇಂಥ ಹೊತ್ತಲ್ಲೂ ಈ ಮನುಷ್ಯರ ವಿನಯ...’ ಎಂದವರು ಮಾತನ್ನು ಅಲ್ಲಿಗೇ ಬಿಟ್ಟರು.

ನನಗೂ ಆಗಲೇ ಅದು ಕೇಳಿಸಿದ್ದು. ತೊಟ್ಟಿಯ ಹನಿ ಹನಿಯಾಗಿ ಉಳಿದಿರಲಿಲ್ಲ. ತಗಡಿನ ಮೇಲೆ ಆಲಿಕಲ್ಲು ಸುರಿದ ಹಾಗೆ ಗುರುಶಾಂತರ ಎದೆ ಹೊಡೆದುಕೊಳ್ಳುತ್ತಿತ್ತು. ಮೂರು ವರ್ಷದಲ್ಲಿ ಯಾರೂ ಕೇಳಿರದ ಸದ್ದು. ಮುಖ ಶಾಂತ, ಮಾತು ಶಾಂತ, ಕೈ ನನ್ನ ಗಂಡನ ತಲೆಯ ಕೆಳಗೆ ಮಡಿಸಿದ ಟವೆಲು ಇಡುತ್ತಿದೆ, ಆ ಸದ್ದು ಮಾತ್ರ ಮಳಿಗೆಯ ತುಂಬ ಓಡಾಡುತ್ತಿದೆ. ನೀರಿನ ಕೊಳವೆಗಳಿಗೆ ಕಿವಿಯಿಟ್ಟು ಬದುಕಿದ ನನ್ನ ಗಂಡ ಮುಖ ಒಂದಿಷ್ಟು ವಾರೆ ಮಾಡಿ ಅದನ್ನು ಕೇಳಿದರು. ಆಮೇಲೆ, ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ, ಹುಟ್ಟಿದಂದಿನಿಂದ ಆಡದ ಮಾತನ್ನು ಆಡಿದರು.

‘ಗುರುಶಾಂತ, ನಿಮ್ಮ ಮಿಡಿತ ಓಡ್ತಿದೆ.’

‘ಹೌದ್ರಿ ಸರ್.’

‘ನಿಮಗೆ ಭಯ ಆಗಿದೆ.’

‘ಭಾಳ ಆಗೇತ್ರಿ.’

‘ಅಂದ್ರೆ ನಿಮಗೆ ನಿಜವಾಗ್ಲೂ ಏನು ಮಾಡ್ಬೇಕು ಅಂತ ಗೊತ್ತಿಲ್ಲ.’

‘ಅದನ್ನೇ ಹೇಳ್ಕೋತ ಬಂದೀನ್ರಿ. ಬೋರ್ಡಿನ ಮ್ಯಾಲೂ ಬರಸೀನಿ.’

ನನ್ನ ಗಂಡ ತೊಲೆಗಳ ಕಡೆ ಕಣ್ಣು ಹೊರಳಿಸಿದರು. ಅವರ ಮುಖದಲ್ಲಿ ನಾನು ಕಂಡದ್ದು ಹೆದರಿಕೆಗಿಂತ ಹೆಚ್ಚಾಗಿ ನಿರಾಸೆ, ದೊಡ್ಡವರೆಂದು ತಿಳಿದಿದ್ದ ಸಂಬಂಧಿಕರು ತಮ್ಮಂತೆಯೇ ಎಂದು ಗೊತ್ತಾದಾಗ ಆಗುವ ಬಗೆಯದು. ‘ಕಾರು ಸಿಗುತ್ತಾ ನೋಡು’ ಎಂದರು ನನಗೆ.

ಗುರುಶಾಂತ ಕೂಗಳತೆಯಲ್ಲಿದ್ದ ಬಾಡಿಗೆ ಕಾರನ್ನು ಕರೆತಂದರು, ತಾವೂ ಹತ್ತಿದರು. ಹಿಂದಿನ ಸೀಟಿನಲ್ಲಿ ಗಂಡನ ತಲೆ ನನ್ನ ತೊಡೆಯ ಮೇಲಿತ್ತು. ಊರು ಮುಗಿಯುವಲ್ಲಿ ಸುಣ್ಣದ ಗೂಡುಗಳಿವೆ. ಅವನ್ನು ದಾಟಿದರೆ ಯಾರ ಮಿಡಿತವೂ ಯಾರಿಗೂ ಕೇಳುವುದಿಲ್ಲ, ಮಿಕ್ಕ ಲೋಕದಲ್ಲಿ ಹೇಗೋ ಹಾಗೆ. ಎಷ್ಟೋ ಸಲ ಆ ದಾರಿಯಲ್ಲಿ ಹೋಗಿ ಹಾಯೆನಿಸಿದ್ದುಂಟು. ಅಂದು ಗೂಡುಗಳು ಹಿಂದೆ ಬಿದ್ದವು, ಆ ಬಾಗಿಲು ತಟ್ಟುವ ಸದ್ದು ನನ್ನ ತೊಡೆಯ ಮೇಲೆಯೇ ಆರಿಹೋಯಿತು. ನಾನು ಗಾಬರಿಯಿಂದ ಅವರ ಕೈ ಹಿಡಿದೆ. ಮೂವತ್ತಮೂರು ವರ್ಷದ ಸಂಸಾರದಲ್ಲಿ ಅವರ ನಾಡಿಯನ್ನು ಮುಟ್ಟಿ ನೋಡಿದವಳಲ್ಲ, ಬೇಕಾಗಿರಲೇ ಇಲ್ಲ. ಭೌತಶಾಸ್ತ್ರದ ಅಧ್ಯಾಪಕಿಗೆ ನಾಡಿ ಎಲ್ಲಿದೆ ಎಂದು ತಿಳಿಯಲಿಲ್ಲ. ಮಣಿಕಟ್ಟಿನ ಮೇಲೆಲ್ಲ ಬೆರಳು ಒತ್ತುತ್ತಿದ್ದೆ.

ಮುಂದಿನ ಸೀಟಿನಿಂದ ಗುರುಶಾಂತ ತಿರುಗಿ ನೋಡಿದರು. ‘ಅಲ್ಲಲ್ರಿ ಮೇಡಂ. ಹೆಬ್ಬೆರಳ ಬುಡಕ್ಕ. ಮೂರು ಬೆರಳು ಇಡ್ರಿ, ಒತ್ತಬ್ಯಾಡ್ರಿ, ಸುಮ್ನ ಇಡ್ರಿ’ ಎಂದು ನನ್ನ ಬೆರಳುಗಳನ್ನು ಸರಿಯಾದ ಜಾಗಕ್ಕೆ ಸರಿಸಿದರು. ಅಲ್ಲಿತ್ತು. ಚರ್ಮದ ಅಡಿಯಲ್ಲಿ ಒಂದು ಸಣ್ಣ ಎಗರಾಟ, ನಾನು ಇಷ್ಟು ವರ್ಷ ಕೇಳಿದ ಸದ್ದಿಗೆ ಹೋಲಿಸಿದರೆ ಎಷ್ಟು ಮೆತ್ತಗೆ. ಎರಡು ಗಂಟೆ ಐವತ್ತು ನಿಮಿಷ ನಾನು ಆ ಬೆರಳು ತೆಗೆಯಲಿಲ್ಲ. ಎಣಿಸಲೂ ಇಲ್ಲ.

ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರು, ಒಬ್ಬ ಸಣ್ಣ ವಯಸ್ಸಿನ ಹೆಣ್ಣುಮಗಳು, ಕಾಗದದ ಮೇಲಿನ ಗೆರೆಗಳನ್ನು ನೋಡಿ ಅಂದೇ ಹೃದಯಕ್ಕೆ ತಾತ್ಕಾಲಿಕ ತಂತಿ ಹಾಕಿಸಿದರು, ಎರಡು ದಿನ ಬಿಟ್ಟು ಪೇಸ್‌ಮೇಕರ್ ಕೂಡಿಸಿದರು. ಎಲ್ಲ ಮುಗಿದ ಮೇಲೆ ‘ಇನ್ನೊಂದು ವಾರ ತಡ ಮಾಡಿದ್ರೆ ಕಷ್ಟವಿತ್ತು. ಯಾರು ಕಳಿಸಿದ್ದು ನಿಮ್ಮನ್ನ?’ ಎಂದು ಕೇಳಿದರು. ನಾನು ಗುರುಶಾಂತರ ಕಡೆ ನೋಡಿದೆ.

‘ನಾನ್ರಿ’ ಎಂದರು ಅವರು. ‘ಎಣ್ಣಿ ಹಚ್ಚಾಂವ.’

‘ನೀವು ಇವರಿಗೆ ಏನು ಚಿಕಿತ್ಸೆ ಕೊಟ್ಟಿದ್ದಿರಿ?’

‘ಮಂಡಿಗೆ ಎಣ್ಣಿ. ಊಟ ಲಗೂನ ಮಾಡ್ರಿ ಅಂತ ಹೇಳಿದ್ದೆ. ಮತ್ತೇನಿಲ್ರಿ.’

‘ಎರಡೂ ಒಳ್ಳೇದೇ. ಗಾಯ ಆರಿದ ಮೇಲೆ ಮುಂದುವರಿಸಿ’ ಎಂದರು ಡಾಕ್ಟರು. ಗುರುಶಾಂತ ತಮಗೆ ಯಾರೋ ಪ್ರಮಾಣಪತ್ರ ಕೊಟ್ಟ ಹಾಗೆ ಅಂಗಿಯ ಕೊರಳು ಸರಿಮಾಡಿಕೊಂಡರು.

ಮಂಚದ ಮೇಲಿನ ನನ್ನ ಗಂಡನಿಗೆ ಇನ್ನೂ ಒಂದು ವಿಷಯ ಉಳಿದಿತ್ತು. ‘ಎಷ್ಟು ತಿಂಗಳಿಂದ ಕೇಳಿಸ್ತಿತ್ತು ನಿನಗೆ?’ ಎಂದರು. ನಾಲ್ಕು ಎಂದೆ. ‘ಊರವರಿಗೆ?’ ಅವರಿಗೂ ಅಷ್ಟೇ ಎಂದೆ. ಅವರು ಕಿಟಕಿಯ ಕಡೆ ತಿರುಗಿ, ‘ಒಳ್ಳೇ ಮರ್ಯಾದಸ್ಥರು’ ಎಂದರು. ಅದನ್ನು ಅವರು ಯಾವ ಅರ್ಥದಲ್ಲಿ ಹೇಳಿದರೆಂದು ನನಗೆ ತಿಳಿಯಿತು.

ಈಗ ಅವರದು ನಿಮಿಷಕ್ಕೆ ಅರವತ್ತು, ಒಂದೂ ತಪ್ಪದೆ. ಊರಿಗೆ ಮರಳಿದ ಮೇಲೆ ಅವರು ಎಲ್ಲರಿಗೂ ಬೇಡವಾದ ಮನುಷ್ಯರಾಗಿದ್ದಾರೆ. ಯಾರ ಮನೆಗೆ ಹೋದರೂ ಸುಮ್ಮನಿರುವುದಿಲ್ಲ. ‘ನಿಂದು ಸ್ವಲ್ಪ ಎಡವುತ್ತಿದೆ ಕಣಪ್ಪ, ತೋರಿಸ್ಕೋ’ ಎಂದುಬಿಡುತ್ತಾರೆ. ಇಬ್ಬರು ಮಾತು ಬಿಟ್ಟಿದ್ದಾರೆ. ಒಬ್ಬರು ಯಾರಿಗೂ ಹೇಳದೆ ಜಿಲ್ಲಾ ಕೇಂದ್ರಕ್ಕೆ ಹೋಗಿ ಬಂದಿದ್ದಾರೆ.

ಗುರುಶಾಂತರ ಪಾಡು ಮಾತ್ರ ಮೊದಲಿಗಿಂತ ಕಷ್ಟವಾಗಿದೆ. ಎದೆ ಹೊಡೆದುಕೊಂಡೇ ಒಬ್ಬರ ಪ್ರಾಣ ಉಳಿಸಿದರು ಎಂಬ ಸುದ್ದಿ ನಾವು ಬರುವ ಮೊದಲೇ ಊರು ತಲುಪಿತ್ತು. ಈಗ ಜನಕ್ಕೆ ಅವರ ಎಣ್ಣೆಯೂ ಬೇಡ, ಸಲಹೆಯೂ ಬೇಡ. ಗಿರಣಿ ನಿಂತ ಮೇಲೆ ಬಂದು, ಅವರ ಮುಂದೆ ಐದು ನಿಮಿಷ ಕುಳಿತು, ಅವರ ಮಿಡಿತ ಕೇಳಿಸಿಕೊಂಡು ಹೋಗುತ್ತಾರೆ. ಅದು ಅರವತ್ತನಾಲ್ಕಿದ್ದರೆ ತಮಗೇನೂ ಇಲ್ಲ ಎಂದು ಸಮಾಧಾನ. ತಾಯಮ್ಮ ಅಂತೂ ಮದುವೆಯಾದ ಮಗಳನ್ನು ಗಂಡನ ಮನೆಯಿಂದ ಕರೆಸಿ ಕೂರಿಸಿದಳು. ಗುರುಶಾಂತ ಬೋರ್ಡಿಗೆ ‘ನನ್ನ ಮಿಡಿತ ಪರೀಕ್ಷೆಯಲ್ಲ’ ಎಂದು ಇನ್ನೊಂದು ಸಾಲು ಸೇರಿಸಿದರು. ಸೇರಿಸಬಾರದಿತ್ತು. ಶಿರಸ್ತೇದಾರರು ಅದನ್ನೂ ಓದಿದರು.

ಈ ಮೂಢತನದ ಬಗ್ಗೆ ನಾನು ಮನೆಯಲ್ಲಿ ಬಹಳ ತಮಾಷೆ ಮಾಡುತ್ತಿದ್ದೆ. ಕಳೆದ ತಿಂಗಳು ನನ್ನ ಬಲ ಮಂಡಿ ಊದಿಕೊಂಡಿತು. ರಾತ್ರಿ ಸಣ್ಣಗೆ ಜ್ವರವೂ ಬಂತು. ಬೆಳಿಗ್ಗೆ ಗಂಡನಿಗೆ ಹೇಳದೆ ಗುರುಶಾಂತರ ಬಳಿಗೆ ಹೋದೆ. ಅವರು ಮಂಡಿಯ ಮೇಲೆ ಅಂಗೈ ಇಟ್ಟರು, ತೆಗೆದರು.

‘ಇದು ಬಿಸಿ ಆಗೇತ್ರಿ, ಕೆಂಪೂ ಆಗೇತಿ. ಇದಕ್ಕ ನಾ ಎಣ್ಣಿ ಹಚ್ಚೂದಿಲ್ಲ. ಡಾಕ್ಟರಿಗೆ ತೋರಿಸ್ರಿ.’

‘ಮಂಡಿ ತಾನೆ ಗುರುಶಾಂತ ಅವರೇ. ಯಜಮಾನರಿಗೆ ಹಚ್ಚಿದ್ದೇ ಸ್ವಲ್ಪ ಹಚ್ಚಿಬಿಡಿ. ಅಲ್ಲಿ ಹೋದರೆ ಸೂಜಿ ಚುಚ್ಚಿ ನೀರು ತೆಗೀತಾರೆ.’

‘ತೆಗೀಬಹುದ್ರಿ.’

‘ಅಷ್ಟೇನೂ ಆಗಿಲ್ಲ ಬಿಡಿ. ಗಂಭೀರ ಆಗಿದ್ದರೆ ನಿಮ್ಮ ಮಿಡಿತ...’ ಎಂದವಳು ನಾಲಿಗೆ ಕಚ್ಚಿಕೊಂಡೆ. ಮಳಿಗೆಗೆ ಬಂದ ಕ್ಷಣದಿಂದ ನಾನು ಎಣಿಸುತ್ತಲೇ ಇದ್ದೆ. ಅರವತ್ತನಾಲ್ಕು. ಆ ಸಂಖ್ಯೆಯ ಮೇಲೆ ಬೆನ್ನು ಆನಿಸಿ ಆರಾಮಾಗಿ ಕುಳಿತಿದ್ದೆ.

ಗುರುಶಾಂತರಿಗೆ ಸಿಟ್ಟು ಬರಲಿಲ್ಲ. ಎಣ್ಣೆಯ ಬಟ್ಟಲಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ‘ಅವತ್ತು ನಾ ಹೆದರಿದ್ದು ಸರ್ ನನ್ನ ಕಣ್ಣ ಮುಂದ ಬಿದ್ರು ಅಂತ್ರಿ. ಕಣ್ಣಿಗೆ ಕಾಣೋದಕ್ಕ ಯಾರ ಎದಿನೂ ಹೊಡ್ಕೋತದ. ನನಗ ಗೊತ್ತಿಲ್ಲದ ಕಾಯಿಲಿಗೆ ನನ್ನ ಎದಿ ಯಾಕ ಹೆದರೀತು ಮೇಡಂ? ನೀವು ಕಲಿಸೋರು, ನೀವಾದ್ರೂ ತಿಳ್ಕೋರಿ.’

ಅಂಥದೇ ಮಾತನ್ನು, ಉಪಕರಣ ತೋರಿಸದ್ದು ಇಲ್ಲವೆಂದು ತಿಳಿಯಬೇಡಿ ಎಂದು, ನಾನು ಮೂವತ್ತೊಂದು ವರ್ಷ ಪ್ರತಿ ಜೂನ್ ತಿಂಗಳ ಮೊದಲ ತರಗತಿಯಲ್ಲಿ ಹೇಳಿದವಳು. ಸೀರೆ ಸರಿಮಾಡಿಕೊಂಡು, ಗೋಡೆ ಹಿಡಿದು ಎದ್ದೆ. ಅವರು ತೋಳು ಕೊಟ್ಟರು.

‘ಸೂಜಿ ಅಂದ್ರೆ ಹೆದರಿಕೆ ಏನಿಲ್ಲ ನನಗೆ’ ಎಂದೆ.

ಗುರುಶಾಂತ ತಲೆ ವಾಲಿಸಿ, ನನಗೆ ಕೇಳದ ನನ್ನ ಮಿಡಿತಕ್ಕೆ ಒಂದು ಗಳಿಗೆ ಕಿವಿಗೊಟ್ಟು ನಕ್ಕರು. ‘ಇವತ್ತು ಮಂಗಳವಾರ ಅದ್ರಿ’ ಎಂದು ಚಪ್ಪಲಿಗಳನ್ನು ನನ್ನ ಕಾಲ ಬಳಿಗೆ ಸರಿಸಿದರು. ‘ಡಾಕ್ಟರು ಹನ್ನೊಂದಕ್ಕ ಬರ್ತಾರ. ಸಾಲು ಉದ್ದಾಗೂದರೊಳಗ ನಡೀರಿ, ನಾ ಆಸ್ಪತ್ರಿ ಬಾಗಿಲತನಾ ಬರ್ತೀನಿ.’